ಸೆಮಿನಾರಿಗೆ ಯಾವ ಗ್ರಾಹಕ: ಸ್ನಾಯುವಿನ ನಿಕೋಟಿನಿಕ್ಕೋ, ಮಿದುಳಿನ ಗಾಬಾ-ಎಯೋ?

ಗ್ರಾಹಕ ಅಂದರೆ ಇಲ್ಲಿ ರಿಸೆಪ್ಟರ್: ಕೋಶದ ಪೊರೆಯಲ್ಲಿದ್ದು ರಾಸಾಯನಿಕ ಸಂದೇಶ ಹಿಡಿಯುವ ಪ್ರೋಟೀನ್. ಸೆಮಿನಾರಿನಲ್ಲಿ ವಿವರಿಸಲು ಒಂದನ್ನೇ ಆರಿಸಬೇಕು ಅಂದರೆ ನನ್ನ ಓಟು ನಿಕೋಟಿನಿಕ್‌ಗೆ. ಐದು ಪ್ರೋಟೀನ್ ಉಪಘಟಕಗಳು ಸುತ್ತುಗಟ್ಟಿ ನಿಂತಿವೆ, ನಡುವೆ ಮುಚ್ಚಿದ ರಂಧ್ರ. ನರದ ತುದಿಯಿಂದ ಹೊರಬಿದ್ದ ಸಂದೇಶವಾಹಕ ರಾಸಾಯನಿಕ ಅಸಿಟೈಲ್‌ಕೋಲಿನ್‌ನ ಎರಡು ಅಣುಗಳು ಬಂದು ಕೂತವೋ, ರಂಧ್ರ ತೆರೆಯಿತು. ಸೋಡಿಯಂ ಒಳನುಗ್ಗುತ್ತದೆ, ಒಂದಿಷ್ಟು ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಪೊರೆಯ ವೋಲ್ಟೇಜ್ ಏರಿ ಸ್ನಾಯು ಸಂಕುಚಿಸುತ್ತದೆ. ರಂಧ್ರ ತೆರೆದಿರುವುದು ಕೆಲವೇ ಮಿಲಿಸೆಕೆಂಡು. ಪಕ್ಕದಲ್ಲೇ ಕಾದಿರುವ ಕಿಣ್ವ ಅಸಿಟೈಲ್‌ಕೋಲಿನ್ ಅನ್ನು ಒಡೆದುಹಾಕುತ್ತದೆ. ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನು ಕ್ಯುರಾರೆ ವಿಷ ಹಿಡಿದರೆ ಸ್ನಾಯು ಸಡಿಲ. ಇಂಥ ಒಂದೇ ಚಾನೆಲ್ಲಿನ (ಅಯಾನು ಹಾಯುವ ರಂಧ್ರದ) ವಿದ್ಯುತ್ತನ್ನು ವಿಜ್ಞಾನಿಗಳಾದ ನೇಹರ್ ಮತ್ತು ಸಾಕ್‌ಮನ್ 1976ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಅಳೆದು ತೋರಿಸಿದರು. ಸ್ಲೈಡಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ?

ಗಾಬಾ ಎಂಬ ಸಂದೇಶವಾಹಕಕ್ಕೆ ತೆರೆಯುವ ಗಾಬಾ-ಎ ಕೂಡ ಐದು ಉಪಘಟಕಗಳದೇ, ಅದೇ ವಂಶ. ಆದರೆ ಒಳಬಿಡುವುದು ಋಣ ವಿದ್ಯುದಂಶದ ಕ್ಲೋರೈಡ್. ಹಾಗಾಗಿ ಬೆಳೆದ ನರಕೋಶ ಸಾಮಾನ್ಯವಾಗಿ ಶಾಂತವಾಗುತ್ತದೆ. ಆತಂಕ ತಗ್ಗಿಸುವ ಔಷಧ ಡಯಾಜೆಪಾಮ್ ಬೇರೆ ಜಾಗದಲ್ಲಿ ಕೂತು ಗಾಬಾದ ಕೈ ಬಲಪಡಿಸುತ್ತದೆ, ತಾನೇ ಬಾಗಿಲು ತೆರೆಯುವುದಿಲ್ಲ. ಔಷಧಶಾಸ್ತ್ರದ ಕಡೆ ಒಲವಿದ್ದರೆ ಇದನ್ನೇ ಹಿಡಿಯಿರಿ. ಉಪಘಟಕಗಳ ಜೋಡಣೆ ಹತ್ತಾರು ಬಗೆ, ತಲೆ ಕೆಡುತ್ತದೆ ಅಷ್ಟೆ.

ಮಸ್ಕರಿನಿಕ್ ಗ್ರಾಹಕವನ್ನು ಮಾತ್ರ ಇವುಗಳ ಜೊತೆ ಬೆರೆಸಬೇಡಿ. ಅದಕ್ಕೂ ಅಸಿಟೈಲ್‌ಕೋಲಿನ್ನೇ ಬೇಕು, ಆದರೆ ಅದರಲ್ಲಿ ರಂಧ್ರವೇ ಇಲ್ಲ. ಕೋಶದೊಳಗೆ ಸಂದೇಶ ದಾಟಿಸುವ ಜಿ ಪ್ರೋಟೀನ್ ಮೂಲಕ ನಿಧಾನದ ಕೆಲಸ.