ಬದಿಯಡ್ಕದ ಓದಿನ ಚಾವಡಿ: ಈ ತಿಂಗಳ ಕೂಟ ಹೇಗಿತ್ತು

ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವಿನ ಮನೆಯೊಂದರ ಚಾವಡಿಯಲ್ಲಿ ತಿಂಗಳಿಗೊಮ್ಮೆ ಭಾನುವಾರ ಓದಿನ ಕೂಟ ನಡೆಯುತ್ತದೆ. ನಡೆಸುವವರು ನಿವೃತ್ತ ಕನ್ನಡ ಟೀಚರು. ದುಡ್ಡು ಕೊಡಬೇಕಾಗಿಲ್ಲ. ಕಾಸರಗೋಡಿನಲ್ಲಿ ಕನ್ನಡ ಮಾತಾಡುತ್ತಾ ಒಂದು ಮಧ್ಯಾಹ್ನ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ.

ಈ ಸಲದ ವಿಷಯ ಬರ್ಲಿನ್ನಿನ ಮರೀ ಫೊನ್ ಶ್ಲೈನಿಟ್ಸ್. 1871ರಲ್ಲಿ ಜರ್ಮನ್ ಸಾಮ್ರಾಜ್ಯ ಆಗಷ್ಟೇ ಹುಟ್ಟಿತ್ತು. ಆ ಕಾಲದಲ್ಲಿ ಈಕೆಯ ಮನೆಯ ಸಲೋನಿಗೆ, ಅಂದರೆ ಗಣ್ಯರು ಸೇರಿ ಮಾತಾಡುವ ಕೂಟಕ್ಕೆ, ದೊಡ್ಡ ಹೆಸರು. ಗಂಡ ಪ್ರಷ್ಯದ ರಾಜಮನೆತನದ ವ್ಯವಹಾರ ನೋಡುವ ಮಂತ್ರಿ. ಸಾಮ್ರಾಜ್ಯದ ಚಾನ್ಸಲರ್ (ಪ್ರಧಾನಿ) ಬಿಸ್ಮಾರ್ಕ್‌ಗೆ ಅವನನ್ನು ಕಂಡರಾಗದು. ಆದರೂ ಆ ಮನೆಗೆ ಯುವರಾಜ ಬರುತ್ತಿದ್ದ, ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಬರುತ್ತಿದ್ದ. ಚಿತ್ರಕಾರ ಮೆಂಟ್ಸೆಲ್ 1874ರಲ್ಲಿ ಆ ಸಲೋನನ್ನೇ ಬರೆದ ಚಿತ್ರವೊಂದಿದೆ. ಅದರ ಪ್ರಿಂಟ್ ನಮ್ಮ ಕೈಯಿಂದ ಕೈಗೆ ದಾಟಿತು.

1873ರಲ್ಲಿ ಜರ್ಮನ್ ಸಂಗೀತಕಾರ ವಾಗ್ನರ್ ತನ್ನ ನಾಲ್ಕು ಸಂಗೀತ ನಾಟಕಗಳ ಸರಣಿಯ ಕೊನೆಯದರ ಪದ್ಯವನ್ನು ಆ ಮನೆಯಲ್ಲೇ ಓದಿದ. ಹಾಡಿದ್ದಲ್ಲ, ಓದಿದ್ದು. "ಅರ್ಥ ಹೇಳುವವರು ಮೊದಲು ಕೂತು ಪ್ರಸಂಗ ಓದಿಕೊಳ್ಳುವ ಹಾಗೆ, ಅಲ್ವಾ ಟೀಚರೇ?" ಎಂದರು ತಾಳಮದ್ದಳೆಯ ಹಿರಿಯರೊಬ್ಬರು. ಮಾತು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಡೆ ಹೊರಳಿ ತುಂಬಾ ಹೊತ್ತು ಅಲ್ಲೇ ನಿಂತಿತು. ಟೀಚರು ತಡೆಯಲಿಲ್ಲ. ಅದು ನನಗೆ ಬಹಳ ಇಷ್ಟವಾಯಿತು.

ಆಮೇಲೆ ಹಣದ ಕಥೆ. ಜರ್ಮನಿಯ ಬೈರಾಯ್ಟ್ ಊರಿನಲ್ಲಿ ವಾಗ್ನರ್‌ನ ರಂಗಮಂದಿರ ಕಟ್ಟಲು ತಲಾ 300 ಥಾಲರಿನ (ಆಗಿನ ಜರ್ಮನ್ ನಾಣ್ಯ) 1000 ಪೋಷಕ ಪತ್ರಗಳನ್ನು, ಅಂದರೆ ಹಣ ಕೊಟ್ಟು ನೆರವಾಗುವವರಿಗೆ ಕೊಡುವ ಪತ್ರಗಳನ್ನು, ಮಾರುವ ಯೋಜನೆ ಹಾಕಿದ್ದರು. ಮರೀ ಅದಕ್ಕಾಗಿ ಮನೆಗೆ ಬಂದವರನ್ನೆಲ್ಲ ಹಿಡಿದು ಕೇಳಿದಳು. ಪತ್ರಗಳು ಪೂರ್ತಿ ಹೋಗಲಿಲ್ಲ. ಬವೇರಿಯದ ರಾಜ ಎರಡನೇ ಲುಡ್ವಿಗ್ ಸಾಲ ಕೊಟ್ಟ ಮೇಲೆ ಕೆಲಸ ಮುಂದೆ ಸಾಗಿ, 1876ರಲ್ಲಿ ಮೊದಲ ಉತ್ಸವ ನಡೆಯಿತು.

ಹಿಂದಿನ ಸಾಲಿನ ಕಾಲೇಜು ಹುಡುಗಿ ಏನೋ ಕೇಳಲು ಹೋಗಿ ಸುಮ್ಮನಾದಳು. "ಹೇಳು ಮಗಳೇ, ಗಟ್ಟಿ ಹೇಳು" ಎಂದರು ಟೀಚರು. ಯಹೂದಿಗಳ ಮೇಲೆ ಅಷ್ಟು ದ್ವೇಷ ಕಾರಿ ಬರೆದ ವಾಗ್ನರ್‌ಗಾಗಿ ಮರೀ ಇಷ್ಟೆಲ್ಲ ಓಡಾಡಿದ್ದು ಸರಿಯಾ ಎಂದು ಅವಳ ಪ್ರಶ್ನೆ. ಟೀಚರು ಮರೀಯ ಪರ ವಹಿಸಲಿಲ್ಲ. ಆ ಪತ್ರಗಳ ಯೋಜನೆಗೆ ಮರೀ ಜೊತೆ ದುಡಿದ ಪಿಯಾನೋ ವಾದಕ ಕಾರ್ಲ್ ಟೌಸಿಗ್ ಸ್ವತಃ ಯಹೂದಿ, 1871ರಲ್ಲೇ ತೀರಿಕೊಂಡ ಎಂದು ತಿಳಿಸಿ, "ಈಗ ನೀವು ಹೇಳಿ" ಎಂದು ನಮಗೇ ಬಿಟ್ಟರು. ಅಲ್ಲಿಯವರೆಗೆ ಬಾಯಿ ಬಿಡದವರೂ ಮಾತಾಡಿದರು. ಮನೆಗೆ ಕರೆದು ಕೂರಿಸುವವರು ಬಹಳ ಜನ ಇದ್ದಾರೆ. ಹೀಗೆ ಮಾತಾಡಿಸುವವರು ಕಡಿಮೆ.

ತಿಂಡಿಗೆ ಪತ್ರೊಡೆ, ಕುಡಿಯಲು ಪುನರ್ಪುಳಿ ಶರಬತ್ತು. ಪತ್ರೊಡೆಗೆ ಖಾರ ಹದವಾಗಿತ್ತು.

ಕೊರತೆಯೂ ಇದೆ. ಮೂರಕ್ಕೆ ಎಂದವರು ಮೂರೂವರೆಗೆ ಶುರು ಮಾಡಿದರು. ಮಳೆ ಜೋರಾದರೆ ಶೀಟಿನ ಸದ್ದಿಗೆ ಹಿಂದೆ ಕೂತವರಿಗೆ ಏನೂ ಕೇಳಿಸುವುದಿಲ್ಲ. ಒಂದು ಸಣ್ಣ ಮೈಕ್ ಇಟ್ಟರೆ ಒಳ್ಳೆಯದು. ಕುರ್ಚಿ ಕಮ್ಮಿ, ಮೊಣಕಾಲು ನೋವಿರುವವರು ಮೊದಲೇ ಹೋಗಿ ಜಾಗ ಹಿಡಿಯಿರಿ. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯಬೇಕು, ಮಳೆಗಾಲದಲ್ಲಿ ಜಾರುತ್ತದೆ. ಪೇಟೆಯಿಂದಲೇ ಆಟೋ ಮಾಡಿಕೊಳ್ಳಿ.