ದಸರಾ ಹೋಗಿ ಚಸರಾ ಆಯ್ತು: ಸೀಸನ್ನಿನಲ್ಲಿ ಡಿಸೈನ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಬೇಡಿ

ಮಡಿಕೇರಿಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾಗದ, ಬಿಲ್ ಬುಕ್, ಹೋಂಸ್ಟೇ ಬೋರ್ಡು, ದಸರಾ ಬಂತೆಂದರೆ ಫ್ಲೆಕ್ಸ್. ಕನ್ನಡ ಟೈಪ್ ಮಾಡುವುದು ಈಗಲೂ 'ನುಡಿ' ಅನ್ನುವ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಆಸ್ಕಿ ಫಾಂಟಿನಲ್ಲೇ. ಕನ್ನಡ ಅಕ್ಷರಗಳಿಗೆ ಸ್ವಂತ ಜಾಗ ಕೊಡುವ ಯುನಿಕೋಡ್ ಬಂದು ಎಷ್ಟೋ ಕಾಲ ಆಯ್ತಲ್ವಾ ಅನ್ನಬೇಡಿ. ಹದಿನೈದು ವರ್ಷದ ಫೈಲುಗಳೆಲ್ಲ ಅದರಲ್ಲೇ ಇವೆ, ಗಿರಾಕಿ ಬಂದು "ಹೋದ ವರ್ಷದ್ದೇ ಇರಲಿ, ತಾರೀಕು ಮಾತ್ರ ಬದಲಾಯಿಸಿ" ಅಂದರೆ ನಾನು ತೆಗೆಯಬೇಕಾದದ್ದು ಅದನ್ನೇ.

ಹೋದ ವರ್ಷ ನವರಾತ್ರಿಗೆ ವಾರ ಇರುವಾಗ ಒಂದು ಮೇಲ್ ಬಂತು. ನಾನು ಬಳಸುವ ಡಿಸೈನ್ ಸಾಫ್ಟ್‌ವೇರಿನ ಹೊಸ ವರ್ಷನ್, ಅರ್ಧ ಬೆಲೆ, ಆಫರ್ ನಾಳೆಗೆ ಮುಗಿಯುತ್ತೆ. ಹೆಸರು ಬೇಡ ಬಿಡಿ. ದುಡ್ಡು ಕಟ್ಟಿದೆ. ಹಳೆಯದನ್ನು ತೆಗೆಯಲೇ ಅಂತ ಅದು ಕೇಳಿದಾಗ ಯೋಚನೆಯೇ ಮಾಡದೆ ಹೂಂ ಒತ್ತಿದೆ. ಬುದ್ಧಿ ಇರುವವರು ಮಾಡುವ ಕೆಲಸ ಅಲ್ಲ.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳ್ತೇನೆ. ಆಸ್ಕಿ ಫಾಂಟಿನಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಬಾಡಿಗೆಗೆ ಕೂತಿರುತ್ತವೆ. ಫಾಂಟ್ ಬದಲಾಯಿಸಿ ನೋಡಿ, 'ನ' ಇದ್ದ ಕಡೆ ಪೌಂಡ್ ಗುರುತು ಕಾಣುತ್ತೆ. 'ದ' ಇರುವುದು ಚಿಕ್ಕ ಝಡ್ ಜಾಗದಲ್ಲಿ, 'ಚ' ಇರುವುದು ದೊಡ್ಡ ಝಡ್ ಜಾಗದಲ್ಲಿ. ವಾಕ್ಯದ ಮೊದಲ ಅಕ್ಷರವನ್ನು ತಾನೇ ಕ್ಯಾಪಿಟಲ್ ಮಾಡುವ ಚಾಳಿ ಈ ಸಾಫ್ಟ್‌ವೇರಿಗೆ ಇದೆ. ಹಳೆ ವರ್ಷನ್‌ನಲ್ಲಿ ಅದನ್ನು ಯಾವ ಕಾಲದಲ್ಲೋ ಆಫ್ ಮಾಡಿ ಮರೆತೇ ಬಿಟ್ಟಿದ್ದೆ. ಹೊಸದು ನನ್ನ ಸೆಟ್ಟಿಂಗ್ ಒಂದನ್ನೂ ಉಳಿಸಿಕೊಂಡಿರಲಿಲ್ಲ.

ರಾತ್ರಿ ಹನ್ನೊಂದು ಗಂಟೆ, ಹೊರಗೆ ಮಳೆ, ಕರೆಂಟ್ ಹೋಗಿ ಯುಪಿಎಸ್ ಕೀಂ ಕೀಂ ಅಂತಿದೆ. "ದಸರಾ ಹಬ್ಬದ ಶುಭಾಶಯಗಳು" ಅಂತ ಹೊಡೆದೆ. 'ದಸರಾ' ಮುಗಿಸಿ ಸ್ಪೇಸ್ ಒತ್ತಿದ ಕ್ಷಣಕ್ಕೆ ಮೊದಲ ಅಕ್ಷರ ಬದಲಾಗಿತ್ತು. ನನ್ನ ಕಣ್ಣು ಆಗಲೇ ಮುಂದೆ ಹೋಗಿತ್ತು. ಆರ್ಡರ್ ಕೊಟ್ಟ ದಸರಾ ಸಮಿತಿಯವರಿಗೆ ವಾಟ್ಸಾಪಿನಲ್ಲಿ ಪ್ರೂಫ್ ಕಳಿಸಿದೆ. ಅವರು ನೋಡಿದ್ದು ಇಷ್ಟೇ, ಯಾರ ಫೋಟೋ ಯಾರದ್ದಕ್ಕಿಂತ ಚಿಕ್ಕದಾಯ್ತು ಅಂತ. ಓಕೆ ಅಂದರು. ಕರ್ವ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಚಿತ್ರದ ಗೆರೆಗಳಾಗಿಸಿ, ಕುಶಾಲನಗರದ ಫ್ಲೆಕ್ಸ್ ಯೂನಿಟ್‌ಗೆ ಕಳಿಸಿದರೆ ಅಲ್ಲಿ ಫೈಲೇ ಓಪನ್ ಆಗಲಿಲ್ಲ. ಅವರದ್ದು ಹಳೆ ವರ್ಷನ್! ಹಳೆ ವರ್ಷನ್ನಿಗೆ ಸೇವ್ ಮಾಡಿ ಮತ್ತೆ ಕಳಿಸುವಷ್ಟರಲ್ಲಿ ಗಂಟೆ ಒಂದು.

ಬೆಳಿಗ್ಗೆ ಬಸ್ಸಿನಲ್ಲಿ ಫ್ಲೆಕ್ಸ್ ಬಂತು, ಇಪ್ಪತ್ತಡಿ ಉದ್ದ ಹತ್ತಡಿ ಎತ್ತರ. ಜನರಲ್ ತಿಮ್ಮಯ್ಯ ಸರ್ಕಲ್ ಹತ್ತಿರ ಕಟ್ಟಿಯೂ ಆಯ್ತು. ಮೊದಲು ಓದಿದ್ದು ಶಾಲೆಗೆ ಹೋಗುವ ಮಕ್ಕಳು. ಸಮಿತಿಯ ಹಿರಿಯರು ಫೋನ್ ಮಾಡಿ, "ಎಂಥ ಮಾರಾಯ, ಚಸರಾ ಅಂದರೆ ಯಾವ ಊರಿನ ಹಬ್ಬ?" ಅಂದರು. ಕರ್ವ್ ಆದ ಫೈಲಿನಲ್ಲಿ ಅಕ್ಷರ ತಿದ್ದಲೂ ಬರುವುದಿಲ್ಲ, ಪುಣ್ಯಕ್ಕೆ ಒರಿಜಿನಲ್ ಬೇರೆ ಇಟ್ಟಿದ್ದೆ. ನನ್ನ ಕೈಯಿಂದಲೇ ದುಡ್ಡು ಹಾಕಿ ಇನ್ನೊಂದು ಪ್ರಿಂಟ್ ಹೊಡೆಸಿದೆ. ದೇವಸ್ಥಾನದ ಕೆಲಸ ಆಗಿದ್ದರೆ 'ಚೇವರು' ಆಗುತ್ತಿತ್ತು, ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತೆ.

ಹೊಸ ವರ್ಷನ್ ಕೆಟ್ಟದ್ದು ಅಂತ ಅಲ್ಲ, ಯುನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಕೂರುತ್ತೆ. ಆದರೆ ತೆಗೆದುಕೊಳ್ಳುವುದಾದರೆ ಮಳೆಗಾಲದಲ್ಲಿ, ಕೆಲಸ ಇಲ್ಲದಾಗ ತೆಗೆದುಕೊಳ್ಳಿ. ಹಳೆಯದನ್ನು ಮಾತ್ರ ತೆಗೆಯಲೇಬೇಡಿ. ಹಾಕಿದ ಕೂಡಲೇ ಆಟೋ ಕರೆಕ್ಟ್ ಪೂರ್ತಿ ಆಫ್ ಮಾಡಿ. ಹಳೆ ಫೈಲನ್ನು ಹೊಸದರಲ್ಲಿ ತೆರೆದರೆ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಪ್ರಿಂಟ್ ಹೊಡೆಯುವವರ ಹತ್ತಿರ ಯಾವ ವರ್ಷನ್ ಇದೆ ಅಂತ ದುಡ್ಡು ಕಟ್ಟುವ ಮೊದಲೇ ಒಂದು ಫೋನ್ ಮಾಡಿ ಕೇಳಿ.

ಈ ವರ್ಷವೂ ಆರ್ಡರ್ ಕೊಟ್ಟದ್ದು ಅದೇ ಸಮಿತಿಯವರು. ಪ್ರೂಫ್ ಕಳಿಸಿದ್ದಕ್ಕೆ ಹಿರಿಯರ ಉತ್ತರ ಬಂತು: "ಫೋಟೋ ಎಲ್ಲ ಸರಿ ಇದೆ. ಮೊದಲನೇ ಅಕ್ಷರ ಮಾತ್ರ ದೊಡ್ಡದು ಮಾಡಿ ಇನ್ನೊಂದು ಸಲ ಕಳಿಸು."