ಕ್ರೂ ಊಟ, ಕೋಣೆಯ ಕುಕ್ಕರ್, ಅವ್ವನ ಕಡಕ್ ರೊಟ್ಟಿ: ಎಲ್ಲವನ್ನೂ ತಿಂದು ನೋಡಿದ ಮೇಲೆ

ಫ್ರಾಂಕ್‌ಫರ್ಟ್‌ನಲ್ಲಿ ತಂಗಿದ ರಾತ್ರಿ ಮೂರು ಗಂಟೆಗೇ ನನಗೆ ಎಚ್ಚರವಾಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ಮೂರಾದರೆ ಬೆಂಗಳೂರಿನಲ್ಲಿ ಆರೂವರೆ, ಹೊಟ್ಟೆಗೆ ಗೊತ್ತಿರುವುದು ಬೆಂಗಳೂರಿನ ಗಡಿಯಾರ ಒಂದೇ. ಹೋಟೆಲಿನ ತಿಂಡಿಗೆ ಇನ್ನೂ ಮೂರೂವರೆ ತಾಸು ಬಾಕಿ. ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ಚಾಕೊಲೇಟು, ಉಪ್ಪು ಹಚ್ಚಿದ ಗೋಡಂಬಿ, ಪಕ್ಕದಲ್ಲೇ ದರಪಟ್ಟಿ. ಗಗನಸಖಿಯಾಗಿ ಎಂಟು ವರ್ಷ ದುಡಿದಿದ್ದೇನೆ. ದಿನಭತ್ಯೆಯಲ್ಲಿ ಉಳಿಸಿದ ಹಣವೇ ಊರಿನ ಮನೆ ಸಾಲದ ಕಂತಿಗೆ ಹೋಗುವುದರಿಂದ, ಏನು ತಿನ್ನಬೇಕೆಂಬುದನ್ನು ಮೊದಲಿನಿಂದಲೂ ಲೆಕ್ಕ ಹಾಕಿಯೇ ತಿಂದಿದ್ದೇನೆ. ಒಂದೊಂದು ದಾರಿಯನ್ನೂ ತಿಂಗಳುಗಟ್ಟಲೆ ಹಿಡಿದು ನೋಡಿದ್ದೇನೆ.

ಮೊದಲ ಎರಡು ವರ್ಷ ವಿಮಾನದಲ್ಲಿ ಸಿಬ್ಬಂದಿಗೆ ಕೊಡುವ ಕ್ರೂ ಊಟವನ್ನೇ ನಂಬಿದ್ದೆ. ಅದಕ್ಕೆ ಒಂದು ಪೈಸೆಯ ಖರ್ಚಿಲ್ಲ, ಹೊರುವ ಭಾರವೂ ಇಲ್ಲ. ಆದರೆ ಹಾರುವಾಗ ಕ್ಯಾಬಿನ್ನಿನ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ, ಗಾಳಿಯಲ್ಲಿ ತೇವ ಶೇಕಡ 20ಕ್ಕಿಂತ ಕಡಿಮೆ. ಅಲ್ಲಿ ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂದವಾಗಿ ತಟ್ಟುತ್ತವೆ. ಹಾಗಾಗಿ ವಿಮಾನದ ಅಡುಗೆಗೆ ರುಚಿ ಕಟ್ಟುವವರ ಕೈ ಉಪ್ಪಿನ ಕಡೆಗೇ ವಾಲುತ್ತದೆ. ಅದನ್ನು ಗ್ಯಾಲಿಯಲ್ಲಿ, ಅಂದರೆ ವಿಮಾನದ ಅಡುಗೆಕಟ್ಟೆಯಲ್ಲಿ, ನಿಂತುಕೊಂಡು, ಕರೆಗಂಟೆಗೆ ಕಿವಿ ಕೊಟ್ಟು, ಐದು ನಿಮಿಷದಲ್ಲಿ ನುಂಗಬೇಕು. ಇಳಿಯುವ ಹೊತ್ತಿಗೆ ಕಾಲು ಊದಿಕೊಂಡು ಶೂ ಬಿಗಿಯಾಗುತ್ತಿತ್ತು. ಆ ಊಟ ಬಿಟ್ಟು ನೀರು ಕುಡಿಯುವುದನ್ನು ಹೆಚ್ಚಿಸಿದ ಮೇಲೆ ಊತ ಇಳಿಯಿತು. ಈಗಲೂ ಹಸಿವಾದರೆ ತಿನ್ನುತ್ತೇನೆ, ಅದನ್ನೇ ನೆಚ್ಚಿಕೊಳ್ಳುವುದಿಲ್ಲ.

ಆಮೇಲೆ ಒಂದು ಲೀಟರಿನ ವಿದ್ಯುತ್ ಕುಕ್ಕರ್ ಕೊಂಡೆ. ಹೆಸರುಬೇಳೆ, ಅಕ್ಕಿ, ಚಿಟಿಕೆ ಅರಿಶಿನ. ಒಂದು ಹೊತ್ತಿನ ಊಟಕ್ಕೆ ಮೂವತ್ತು ರೂಪಾಯಿಯೂ ಬೀಳುತ್ತಿರಲಿಲ್ಲ. ಮೈಗೆ ಅಷ್ಟು ಹಿತವಾದ ಊಟ ಹೊರದೇಶದಲ್ಲಿ ಇನ್ನೊಂದು ಸಿಕ್ಕಿಲ್ಲ ಎಂದು ಇವತ್ತಿಗೂ ಹೇಳುತ್ತೇನೆ. ಅದನ್ನು ಬಿಡಬೇಕಾಗಿ ಬಂದದ್ದು ಒಂದು ರಾತ್ರಿಯ ಕಾರಣಕ್ಕೆ. ಕುಕ್ಕರಿನ ಆವಿ ತಗುಲಿ ಹೊಗೆಯ ಎಚ್ಚರಿಕೆ ಗಂಟೆ ಬಡಿದುಕೊಂಡಿತು, ಮಹಡಿಯವರೆಲ್ಲ ಕಾರಿಡಾರಿಗೆ ಬಂದರು. ಅವರಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾರಬೇಕಾದ ಪೈಲಟ್ ಒಬ್ಬರಿದ್ದರು. ಕೋಣೆಯಲ್ಲಿ ಅಡುಗೆ ಮಾಡಬಾರದೆಂದು ಮೇಜಿನ ಮೇಲಿನ ಚೀಟಿಯಲ್ಲೇ ಬರೆದಿತ್ತು. ಇನ್ನೊಬ್ಬರ ನಿದ್ದೆ ಕೆಡಿಸಿ ಉಣ್ಣುವುದು ನನಗೆ ಬೇಡವೆನಿಸಿತು. ಕೆಲವರು ಹೋಟೆಲಿನ ಕೆಟಲಿನಲ್ಲೇ ನೂಡಲ್ಸ್ ಬೇಯಿಸುತ್ತಾರೆ. ಮುಂದೆ ಅದೇ ಕೆಟಲಿನಲ್ಲಿ ಮಗುವಿನ ಹಾಲಿನ ಪುಡಿಗೆ ನೀರು ಕಾಯಿಸುವ ತಾಯಿಯೊಬ್ಬಳು ಬರಬಹುದು. ದಯವಿಟ್ಟು ಹಾಗೆ ಮಾಡಬೇಡಿ.

ಹೊರಗೆ ಉಣ್ಣುವುದು ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆಗೆ ಊರೂರಿಗೂ ಬೇರೆ ಉತ್ತರ. ಸಿಂಗಪುರದಲ್ಲಿ ನಾನು ಚೀಲದಿಂದ ಏನನ್ನೂ ತೆಗೆಯುವುದಿಲ್ಲ. ಅಲ್ಲಿನ ಹಾಕರ್ ಕೇಂದ್ರಗಳ, ಅಂದರೆ ಒಂದೇ ಸೂರಿನಡಿ ಹತ್ತಾರು ತಿಂಡಿ ಮಳಿಗೆಗಳಿರುವ ತಾಣಗಳ, ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು, ಆ ಗೌರವ ಸಲ್ಲಬೇಕಾದದ್ದೇ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ಕಣ್ಣೆದುರೇ ಹುಯ್ದ ದೋಸೆ ಸಿಗುತ್ತದೆ. ಚೀನೀ ಮಳಿಗೆಗಳಲ್ಲಿ ತರಕಾರಿ, ತೋಫುಗಳನ್ನು ನಾವೇ ಆರಿಸಿಕೊಟ್ಟರೆ ತಿಳಿಸಾರಿನಲ್ಲಿ ಬೇಯಿಸಿ ಕೊಡುತ್ತಾರೆ. ಐದಾರು ಸಿಂಗಪುರ ಡಾಲರಿಗೆ ಹೊಟ್ಟೆ ತುಂಬುತ್ತದೆ, ಎಣ್ಣೆಯೂ ಕಡಿಮೆ. ದುಬೈಯ ಕರಾಮ ಬಡಾವಣೆಯಲ್ಲಿ ಉಡುಪಿ ಹೋಟೆಲುಗಳಿವೆ. ಊಟ ಸೋವಿ, ರುಚಿ ಮನೆಯದೇ. ಆದರೆ ಪೂರಿ, ಪಲ್ಯ, ಪಾಯಸ ಎಲ್ಲ ಮುಗಿಸಿ ಮರುಹಾರಾಟಕ್ಕೆ ಹೊರಟರೆ ಕಣ್ಣು ಎಳೆಯುತ್ತದೆ. ಅಲ್ಲಿ ನನಗೆ ಇಡ್ಲಿಯೇ ಸರಿ. ಫ್ರಾಂಕ್‌ಫರ್ಟ್‌ನಲ್ಲಿ ಹೋಟೆಲಿನ ಆಸುಪಾಸು ಕುಳಿತು ಉಂಡರೆ 15 ಯೂರೋ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ತಟ್ಟೆಯಲ್ಲಿ ಆಲೂಗಡ್ಡೆಯೇ ಹೆಚ್ಚು.

ಫ್ರಾಂಕ್‌ಫರ್ಟ್‌ನಂಥ ಊರುಗಳಿಗಾಗಿಯೇ ಕಡಕ್ ರೊಟ್ಟಿ. ನಾನು ಬಾಗಲಕೋಟೆ ಕಡೆಯವಳು. ಆರು ವರ್ಷ ಈ ಉತ್ತರ ನನ್ನ ಮನೆಯ ಬುಟ್ಟಿಯಲ್ಲೇ ಇದ್ದರೂ ನನಗೆ ಕಾಣಲಿಲ್ಲ. ಜೋಳದ ಹಿಟ್ಟು, ನೀರು, ಬೆಂಕಿ ಇಷ್ಟೇ ಅದರ ಸಾಮಗ್ರಿ. ಚೆನ್ನಾಗಿ ಒಣಗಿಸಿದ್ದರೆ ಹದಿನೈದು ದಿನವಾದರೂ ಕೆಡುವುದಿಲ್ಲ. ಹಗುರ, ವಾಸನೆಯಿಲ್ಲ, ಬಿಸಿ ಮಾಡುವ ಗೋಜಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಎನ್ನುತ್ತೇವೆ). ರೊಟ್ಟಿಗೆ ಬೇಕಾದ ಎಣ್ಣೆಯಂಶ, ಪ್ರೋಟೀನು ಅವುಗಳಲ್ಲೇ ಇದೆ. ಐರೋಪ್ಯ ಒಕ್ಕೂಟದ ದೇಶಗಳಿಗೆ ನಮ್ಮಲ್ಲಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ, ಆದ್ದರಿಂದ ಮೊಸರನ್ನು ಅಲ್ಲಿಯೇ ಕೊಳ್ಳುತ್ತೇನೆ. ಅರ್ಧ ಕಿಲೋ ಮೊಸರು, ಒಂದು ಸೌತೆಕಾಯಿ, ಕೆಂಪು ಮೂಲಂಗಿಯ ಕಟ್ಟು, ಎರಡು ಬಾಳೆಹಣ್ಣು ಎಲ್ಲ ಸೇರಿ ನನ್ನ ಚೀಟಿ 5 ಯೂರೋ ದಾಟಿದ್ದು ಅಪರೂಪ. ಎರಡು ಹೊತ್ತಿಗೆ ಅದು ಸಾಕು. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ವಿಮಾನ ನಿಲ್ದಾಣ, ದೊಡ್ಡ ರೈಲು ನಿಲ್ದಾಣದೊಳಗಿನವು ತೆರೆದಿರುತ್ತವೆ. ಇಳಿದ ಕೂಡಲೇ ಅಲ್ಲಿಯೇ ಕೊಂಡುಬಿಡಬೇಕು.

ರೊಟ್ಟಿಗೂ ತೊಡಕಿಲ್ಲವೆಂದಲ್ಲ. ಬಟ್ಟೆಯ ನಡುವೆ ಇಟ್ಟರೆ ಪುಡಿಯಾಗುತ್ತದೆ, ಅಗಲವಾದ ಸ್ಟೀಲ್ ಡಬ್ಬಿಯೇ ಬೇಕು. ಅವ್ವನ ಮಸಾಲೆ ಖಾರಕ್ಕೆ ಗಸಗಸೆ ಬೀಳುತ್ತದೆ. ಯುಎಇಯಲ್ಲಿ ಗಸಗಸೆ ಕಟ್ಟುನಿಟ್ಟಾಗಿ ನಿಷಿದ್ಧವಾದ್ದರಿಂದ ಆ ಡಬ್ಬಿ ನನ್ನ ಚೀಲ ಸೇರುವುದೇ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದು. ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ಪುಡಿಯಲ್ಲಿ ಏನೇನಿದೆ ಎಂದು ಕೇಳಿಕೊಂಡೇ ಹೊರಡಿ.

ದೇಶದೊಳಗಿನ ಹಾರಾಟದ ದಿನ ಲೆಕ್ಕ ಬೇರೆಯೇ ಆಗುತ್ತದೆ. ನಾಲ್ಕು ಸೆಕ್ಟರ್, ಅಂದರೆ ಒಂದೇ ದಿನ ನಾಲ್ಕು ಸಲ ಏರಿ ಇಳಿಯುವ ಹಾರಾಟ, ಇದ್ದರೆ ಕುಳಿತು ರೊಟ್ಟಿ ಮುರಿಯಲು ಪುರುಸೊತ್ತಿಲ್ಲ. ಆ ದಿನಕ್ಕೆ ಚಪಾತಿಯ ಸುರುಳಿ, ಒಣಪಲ್ಯ, ಒಂದು ಸೇಬು. ಒಮ್ಮೆ ಬೆಳಗಿನ ಐದಕ್ಕೆ ಕಲಸಿದ ಚಿತ್ರಾನ್ನವನ್ನು ಮಧ್ಯಾಹ್ನ ಮೂರಕ್ಕೆ ತಿಂದು, ಕೊನೆಯ ಸೆಕ್ಟರ್ ಮುಗಿಸುವಷ್ಟರಲ್ಲಿ ಜೀವ ಹೋಗಿ ಬಂದಂತಾಯಿತು. ಅಕ್ಕಿಯಲ್ಲಿರುವ ಕೆಲವು ಸೂಕ್ಷ್ಮಾಣುಗಳ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನ ತಾಸುಗಟ್ಟಲೆ ಬೆಚ್ಚಗೆ ಕುಳಿತರೆ ಮೊಳೆತು ಬೆಳೆದು ವಿಷ ಉಂಟುಮಾಡುತ್ತವೆ. ಅಂದಿನಿಂದ ಕೆಲಸದ ಡಬ್ಬಿಗೆ ಅನ್ನವಿಲ್ಲ. ಹುರುಳಿ, ಕಡಲೆ ಉಸಳಿಯನ್ನೂ ಹಾರುವ ದಿನ ಮುಟ್ಟುವುದಿಲ್ಲ. ಎತ್ತರದಲ್ಲಿ ಹೊಟ್ಟೆಯೊಳಗಿನ ವಾಯು ಮೂರನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ, ಬಿಗಿದ ಸಮವಸ್ತ್ರದಲ್ಲಿ ಅದರ ಸಂಕಟ ಪಟ್ಟವರಿಗೇ ಗೊತ್ತು. ಕಾಳು ನೆನೆಹಾಕುವುದು ರಜೆಯ ದಿನಕ್ಕೆ.

ಈ ಯಾವ ದಾರಿಯಲ್ಲೂ ನನಗೆ ದಕ್ಕದೇ ಉಳಿದದ್ದು ಬೇಯಿಸಿದ ಸೊಪ್ಪು. ದೇವನಹಳ್ಳಿಯಲ್ಲಿ ಇಳಿದು ಮನೆ ಸೇರಿದ ದಿನ, ಸೂಟ್‌ಕೇಸ್ ಬಿಚ್ಚುವುದಕ್ಕೂ ಮೊದಲು ಎರಡು ಕಟ್ಟು ಮೆಂತ್ಯ ಬಿಡಿಸಲು ಕೂರುತ್ತೇನೆ.